ಮಿಕ್ಸಿ ಹಾಕಿದ ಕೂಡಲೇ ಆರ್‌ಸಿಸಿಬಿ ಬೀಳುತ್ತೆ, ತೆಗೆಸಿಬಿಡಲಾ?

ಹಂಚಿನಮನೆ_ಸಾಗರ:
ನಮ್ಮದು ಅಜ್ಜನ ಕಾಲದ ಮನೆ. ಈಚೆಗೆ ಫ್ಯೂಸ್ ಬೋರ್ಡು ಕಿತ್ತು ಹೊಸ ಡಿಬಿ ಬಾಕ್ಸ್ (ಸ್ವಿಚ್ಚುಗಳ ಪೆಟ್ಟಿಗೆ), ಎಂಸಿಬಿ (ಲೋಡ್ ಜಾಸ್ತಿಯಾದರೆ ಬೀಳೋ ಸ್ವಿಚ್ಚು), 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ಬೀಳೋ ಸ್ವಿಚ್ಚು) ಹಾಕಿಸಿದ್ವಿ. ಒಳಗಿನ ವೈರಿಂಗ್ ಹಳೇದೇ. ಲೈಟು, ಫ್ಯಾನಿಗೆ ತೊಂದರೆ ಇಲ್ಲ. ಮಿಕ್ಸಿಯೋ ಇಸ್ತ್ರಿಪೆಟ್ಟಿಗೆಯೋ ಹಾಕಿದರೆ ಇಡೀ ಮನೆ ಕತ್ತಲೆ. ಗೀಸರ್ ಎಂಸಿಬಿ ಇಳಿಸಿಟ್ಟರೂ ಅಷ್ಟೇ. ಮಿಕ್ಸಿ, ಇಸ್ತ್ರಿ ಎರಡೂ ಪಕ್ಕದ ಮನೇಲಿ ಸರಿಯಾಗಿ ಓಡ್ತವೆ. "ಹಳೇ ಮನೆಗೆ ಇದು ಆಗಿಬರಲ್ಲ, ಬೈಪಾಸ್ ಮಾಡ್ತೀನಿ" ಅಂತಾನೆ ವೈರ್‌ಮನ್. ಮಾಡಿಸಬಹುದಾ?

ಗಿರಿ_ತುಮಕೂರು:
ತೆಗೆಸಿ ಬಿಸಾಕಿ ಸಾರ್. ಎಂಸಿಬಿ ಇದೆಯಲ್ಲ, ಸಾಕು.

ಲೈಸೆನ್ಸ್‌ದಾರ_ಹಾಸನ:
ಗಿರಿಯವರೇ, ದಯವಿಟ್ಟು ಹೀಗೆ ಹೇಳಬೇಡಿ. 16 ಆಂಪಿನ ಎಂಸಿಬಿ ಕಾಯೋದು ವೈರನ್ನ, ಮನುಷ್ಯರನ್ನಲ್ಲ. ಮೈಮೇಲೆ ಹರಿಯೋ ಕರೆಂಟು ಮಿಲಿಆಂಪ್ ಲೆಕ್ಕದ್ದು, ಅದು ಎಂಸಿಬಿಗೆ ಗೊತ್ತೇ ಆಗಲ್ಲ. ಮನೆಗೆ 30 ಮಿಲಿಆಂಪಿನದು ಇರಬೇಕು ಅಂತ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮದಲ್ಲೇ ಇದೆ.

ಸಾಗರದವರೇ, ನಿಮ್ಮ ಆರ್‌ಸಿಸಿಬಿ ಕೆಟ್ಟಿರೋ ಹಾಗೆ ಕಾಣಲ್ಲ. ಫೇಸ್‌ನಲ್ಲಿ (ಕರೆಂಟು ತರೋ ವೈರು) ಹೋದದ್ದು ಅಷ್ಟೂ ನ್ಯೂಟ್ರಲ್‌ನಲ್ಲಿ (ವಾಪಸ್ ಒಯ್ಯೋ ವೈರು) ವಾಪಸ್ ಬಂತಾ ಅಂತ ನೋಡೋದೊಂದೇ ಅದರ ಕೆಲಸ. ನಿಮ್ಮಲ್ಲಿ ಎಲ್ಲೋ ನ್ಯೂಟ್ರಲ್ ನೆಲ ಮುಟ್ಟಿದೆ. ಲೋಡ್ ಜಾಸ್ತಿಯಾದಾಗ ಸ್ವಲ್ಪ ಕರೆಂಟು ಆ ದಾರಿ ಹಿಡಿಯುತ್ತೆ. ಸಿಂಗಲ್ ಪೋಲ್ ಎಂಸಿಬಿ ಫೇಸ್ ಮಾತ್ರ ಕಡಿಯೋದು, ನ್ಯೂಟ್ರಲ್ ಮಾತ್ರ ಬಾರ್‌ಗೆ (ಎಲ್ಲಾ ನ್ಯೂಟ್ರಲ್ ವೈರು ಸೇರೋ ಪಟ್ಟಿ) ಸೇರಿಕೊಂಡೇ ಇರುತ್ತೆ. ಗೀಸರ್ ಇಳಿಸಿದರೂ ಬೀಳೋದು ಅದಕ್ಕೇ.

ನನಗೆ ಅನುಮಾನ ಗೀಸರ್ ಸಾಕೆಟ್ ಮೇಲೇ. ಅರ್ಥಿಂಗಿನ ಹಸಿರು ವೈರು ಎಳೆಯೋಕೆ ಸೋಮಾರಿತನ ಮಾಡಿ, ಮೂರನೇ ಪಿನ್ನಿಗೆ ನ್ಯೂಟ್ರಲ್‌ನಿಂದಲೇ ತುಂಡು ವೈರು ಕಟ್ಟಿಬಿಡ್ತಾರೆ. ಟೆಸ್ಟ್ ಲ್ಯಾಂಪ್ ಹಿಡಿದರೆ ಅರ್ಥಿಂಗ್ ಇರೋ ಹಾಗೇ ಉರಿಯುತ್ತೆ! ಆದರೆ ಆಚೆ ನ್ಯೂಟ್ರಲ್ ಕಟ್ಟಾದ ದಿನ, ಉರೀತಿರೋ ಬಲ್ಬಿನ ಮೂಲಕ ಫೇಸ್ ಬಂದು ಗೀಸರ್ ಮೈಮೇಲೆ ಕೂರುತ್ತೆ. ಒದ್ದೆ ಕೈಲಿ ನಲ್ಲಿ ಮುಟ್ಟೋರ ಗತಿ?

ಮೇನ್ ಇಳಿಸಿ, ಲೈಸೆನ್ಸ್ ಇರೋರಿಂದ ಆ ಸಾಕೆಟ್ ಬಿಚ್ಚಿಸಿ. ಅಲ್ಲಿ ಸಿಗದಿದ್ದರೆ ಬಾರ್‌ನಿಂದ ಒಂದೊಂದೇ ಸರ್ಕ್ಯೂಟಿನ ನ್ಯೂಟ್ರಲ್ ಕಳಚಿ ನೋಡಲಿ.

ಹಂಚಿನಮನೆ_ಸಾಗರ:
ಬಿಚ್ಚಿಸಿದೆ. ನ್ಯೂಟ್ರಲ್‌ನ ಕಪ್ಪು ವೈರಿನಿಂದ ಮೇಲಿನ ಮೂರನೇ ಪಿನ್ನಿಗೆ ಬೆರಳುದ್ದದ ತುಂಡು ಇತ್ತು. ಬಚ್ಚಲಿಗೆ ಬರೋದು ಜಿಐ (ಕಬ್ಬಿಣದ) ಪೈಪು, ನೆಲದೊಳಗೇ ಹೋಗಿದೆ, ನ್ಯೂಟ್ರಲ್ ಗೀಸರ್ ಮೈ, ಪೈಪಿನ ಮೂಲಕ ನೆಲ ಮುಟ್ಟಿದ್ದು ಹೀಗೇ. ತುಂಡು ಕಿತ್ತ ಮೇಲೆ ಮಿಕ್ಸಿ ಓಡ್ತಿದೆ. ಮೀಟರ್ ಹತ್ತಿರ ಅರ್ಥಿಂಗ್ ಗುಂಡಿ ಇದೆ, ಬಚ್ಚಲಿಗೆ ಮಾತ್ರ ಹಸಿರು ವೈರಿಲ್ಲ. ಈಗ ಗೀಸರ್ ಹಾಕಬಹುದಾ?

ಲೈಸೆನ್ಸ್‌ದಾರ_ಹಾಸನ:
ಬೇಡ. ಈಗ ಅದರ ಮೈಗೆ ಅರ್ಥಿಂಗೇ ಇಲ್ಲ. ಡಿಬಿಯಿಂದ ಫೇಸ್, ನ್ಯೂಟ್ರಲ್, ಹಸಿರು ಮೂರನ್ನೂ ಹೊಸದಾಗಿ ಎಳೆಸಿ. 2 ಕಿಲೋವಾಟಿನ ಗೀಸರ್ 9 ಆಂಪಿನ ಹತ್ತಿರ ಎಳೆಯುತ್ತೆ, 2.5 ಸ್ಕ್ವೇರ್ ಎಂಎಂ ತಾಮ್ರ ಆಗುತ್ತೆ, ನಾನಾದರೆ 4 ಹಾಕ್ತೀನಿ. ಗುಂಡಿಯನ್ನೂ ಅರ್ಥ್ ಟೆಸ್ಟರ್ ಇಟ್ಟು ಅಳೆಸಿ. ಉಪ್ಪು, ಇದ್ದಿಲು ಸುರಿದು ಮುಚ್ಚಿ ಮರೆತಿರೋ ಗುಂಡಿಗಳೇ ಜಾಸ್ತಿ. ಬಾಕಿ ಸಾಕೆಟ್‌ಗಳನ್ನೂ ಬಿಚ್ಚಿಸಿ ನೋಡಿ, ಒಂದು ಕಡೆ ಹಾಗೆ ಕಟ್ಟಿದವನು ಇನ್ನೊಂದು ಕಡೆ ಬಿಟ್ಟಿರಲ್ಲ.

ಗಿರಿ_ತುಮಕೂರು:
ಸಾರ್, ನಮ್ಮನೇಲಿ ಆರ್‌ಸಿಸಿಬಿನೇ ಇಲ್ಲ. ಒಂದು ಹಾಕಿಸೋಕೆ ಏನು ನೋಡಿ ತಗೋಬೇಕು?