ಅಪ್‌ಡೇಟ್: ಯಲ್ಲಾಪುರದ ಸಿದ್ದಿ ಹಳ್ಳಿಗೆ ಹೋಗಿ ಬಂದೆವು

ಎಲ್ಲರಿಗೂ ನಮಸ್ಕಾರ. ಮೈಸೂರಿನಿಂದ ನಮ್ಮ ಚರ್ಚಿನ ಒಂಬತ್ತು ಜನ ಕಾರವಾರಕ್ಕೆ ಬಂದು, ಅಲ್ಲಿಂದ ಯಲ್ಲಾಪುರದ ಕಾಡಂಚಿನ, ಆಫ್ರಿಕಾ ಮೂಲದ ಸಿದ್ದಿ ಜನರ ಹಳ್ಳಿಗೆ ಹೋಗಬೇಕು, ದಾರಿ ಯಾವುದು, ಭಾಷೆ ಹೇಗೆ ಅಂತ ಹೋದ ವಾರ ಇಲ್ಲಿ ಕೇಳಿದ್ದೆ.

ಕದ್ರಾ, ಕೈಗಾ ದಾರಿ ಹತ್ತಿರ ಅಂತ ಕೆಲವರು ಅಂದಿದ್ದರು. ಅದು ಆಗಲಿಲ್ಲ. ಮಳೆಗೆ ಗುಡ್ಡದ ಮಣ್ಣು ರಸ್ತೆಗೆ ಬಂದಿತ್ತು, ವಾಪಸ್ ತಿರುಗಿದೆವು. ಅಂಕೋಲಾ ಮೇಲೆ ಅರಬೈಲ್ ಘಾಟಿ ಹತ್ತಿ ಎಂದವರ ಮಾತೇ ಸರಿ. ಟೆಂಪೋವನ್ನು ಯಲ್ಲಾಪುರದಲ್ಲೇ ಬಿಟ್ಟು ಜೀಪು ಹಿಡಿಯಿರಿ ಅಂದಿದ್ದ ಹಳಿಯಾಳದ ಅಕ್ಕನಿಗೆ ತುಂಬಾ ಥ್ಯಾಂಕ್ಸ್. ಕೊನೆಯ ಕೆಸರು ದಾರಿಯಲ್ಲಿ ಟೆಂಪೋ ಖಂಡಿತ ಹೂತುಹೋಗುತ್ತಿತ್ತು.

ಭಾಷೆಗೆ ಮೊಬೈಲ್ ಆ್ಯಪ್ ಸಾಕು ಅಂದಿದ್ದರು. ಅಲ್ಲಿ ನೆಟ್‌ವರ್ಕೇ ಇಲ್ಲ. ಮಕ್ಕಳು ಶಾಲೆಯಲ್ಲಿ ಕಲಿತ ಕನ್ನಡ ಚೆನ್ನಾಗಿ ಮಾತಾಡುತ್ತಾರೆ. ಅಜ್ಜಿಯರದು ಮರಾಠಿ ಬೆರೆತ ಕೊಂಕಣಿ, ನಮಗೆ ಒಂದು ಮಾತೂ ತಿಳಿಯಲಿಲ್ಲ. ಕೊಂಕಣಿ ಹಾಡುಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಹೋಗಿ ಎಂಬ ಸಲಹೆ ನಮ್ಮನ್ನು ಉಳಿಸಿತು. ಎರಡನೇ ಸಾಲಿಗೇ ಅಜ್ಜಿಯರು ದನಿಗೂಡಿಸಿದರು. ನನಗೆ ಕಣ್ಣು ತುಂಬಿ ಬಂತು. ಉಳಿದ ಮಾತಿಗೆಲ್ಲ ಏಳನೇ ಕ್ಲಾಸಿನ ಒಬ್ಬ ಹುಡುಗಿಯೇ ದುಭಾಷಿ!

ನಮಗೆ ಮೊದಲು ಗೊತ್ತಿರದಿದ್ದ ಒಂದು ಸಂಗತಿ: ಸಿದ್ದಿಗಳೆಲ್ಲ ಕ್ರೈಸ್ತರಲ್ಲ. ಹಿಂದೂ, ಮುಸ್ಲಿಂ ಸಿದ್ದಿಗಳೂ ಇದ್ದಾರೆ. ರಾತ್ರಿ ಡಮಾಮಿ ಎಂಬ ಡೋಲು ಬಾರಿಸಿದಾಗ ಎಲ್ಲರೂ ಒಟ್ಟಿಗೆ ಕುಣಿದರು. ಹೋಗುವವರು ಭಾಷಣ ಕಡಿಮೆ ಮಾಡಿ, ಸುಮ್ನೆ ಅವರ ಜೊತೆ ಜಾಸ್ತಿ ಹೊತ್ತು ಕೂತಿರಿ. ಹಳೆ ಸೀರೆಗಳಿದ್ದರೆ ಕೇಳಿ ಕೊಡಿ, ಹೆಂಗಸರು ಕೌದಿ ಹೊಲಿಯುತ್ತಾರೆ. ನಾವು ಡಿಸೆಂಬರಿನಲ್ಲಿ ಮತ್ತೆ ಹೋಗುತ್ತೇವೆ.