ಉದ್ದ ಕಮ್ಮಿ ಇರೋ ಕಣ್ಣಿಗೂ ಮೈನಸ್ ಯಾಕೆ?

ಅಕ್ಕಾ, ಗ್ರೂಪಲ್ಲಿ ನೀನು ಹಾಕಿದ್ದ ನಿನ್ನ ಮಗನ ಕಣ್ಣಿನ ರಿಪೋರ್ಟು ನೋಡ್ದೆ. ಟೈಪ್ ಮಾಡ್ತಾ ಕೂತ್ರೆ ಮುಗಿಯಲ್ಲ, ಮಾತಲ್ಲೇ ಹೇಳಿಬಿಡ್ತೀನಿ, ಪುರುಸೊತ್ತಾದಾಗ ಕೇಳು. ನೀನು ಕೇಳಿದ್ದು ಎರಡು. ತಿಂಗಳು ತುಂಬೋ ಮುಂಚೆ ಹುಟ್ಟಿದಾಗ ರೆಟಿನಾ, ಅಂದ್ರೆ ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯೋ ಪದರ, ನೋಡಿ 'ಎಲ್ಲ ಸರಿಹೋಯ್ತು' ಅಂದಿದ್ರಲ್ಲ, ಈಗ 14 ವರ್ಷಕ್ಕೆ ಡಾಕ್ಟರು ಮತ್ಯಾಕೆ ಬೇಗ ಹುಟ್ಟಿದ ಮಾತು ತೆಗೆದ್ರು ಅಂತ. ಇನ್ನೊಂದು, ಕಣ್ಣಿನ ಉದ್ದ ಕಮ್ಮಿ ಅಂತಾರೆ, ಪವರ್ ನೋಡಿದ್ರೆ ಮೈನಸ್ ನಾಲ್ಕೂವರೆ, ಅದು ಹೇಗೆ ಅಂತ. ನಡುವೆ ದೊಡ್ಡಪ್ಪ 'ಎಲ್ಲ ಮೊಬೈಲಿನ ಮಹಿಮೆ' ಅಂತ ಬರೆದಿದ್ದಾರೆ.

ದೊಡ್ಡಪ್ಪಾ, ಬೇಜಾರು ಮಾಡ್ಕೋಬೇಡಿ, ಇವನ ವಿಷಯದಲ್ಲಿ ಮೊಬೈಲನ್ನ ಬಿಟ್ಟುಬಿಡಿ. ಇವನಿಗೆ ಕನ್ನಡಕ ಬಂದಿದ್ದು ಎರಡೂವರೆ ವರ್ಷಕ್ಕೆ. ಆಗ ಇವನು ಫೋನ್ ಮುಟ್ತಾ ಇದ್ದಿದ್ದು ಕಿವಿಗಿಟ್ಟು 'ಹಲೋ' ಅನ್ನೋಕೆ ಮಾತ್ರ.

ಮೊದಲು ಆ 'ಸರಿಹೋಯ್ತು' ವಿಷಯ. ರೆಟಿನಾದ ರಕ್ತನಾಳಗಳು ಗರ್ಭದಲ್ಲಿ ಸುಮಾರು 16ನೇ ವಾರಕ್ಕೆ ಕಣ್ಣಿನ ನರದ ಹತ್ತಿರದಿಂದ ಹೊರಟು ಅಂಚಿನ ಕಡೆಗೆ ಬೆಳೀತಾ ಹೋಗತ್ವೆ. ಮೂಗಿನ ಕಡೆ ಅಂಚು ಮುಟ್ಟೋದು 36ನೇ ವಾರದ ಹೊತ್ತಿಗೆ, ಕಿವಿ ಕಡೆದು ಮುಟ್ಟೋದು ಸುಮಾರು 40ಕ್ಕೆ. ಇವನು ಹುಟ್ಟಿದ್ದು 28ನೇ ವಾರಕ್ಕೆ. ಅರ್ಧ ದಾರೀಲಿದ್ದ ನಾಳಗಳು ಅಡ್ಡಾದಿಡ್ಡಿ ಬೆಳೆದ್ರೆ ಅದೇ ಆರ್‌ಒಪಿ, ಬೇಗ ಹುಟ್ಟಿದ ಮಕ್ಕಳಿಗೆ ಬರೋ ರೆಟಿನಾ ತೊಂದರೆ. ಇವನಿಗೆ ಸ್ವಲ್ಪ ಬಂದು, ಲೇಸರ್ ಇಲ್ದೆ ತಾನೇ ಇಳೀತು. ಅವತ್ತು ಡಾಕ್ಟರು ಸರಿಹೋಯ್ತು ಅಂದಿದ್ದು ಆ ನಾಳಗಳ ಬಗ್ಗೆ. ಕಣ್ಣು ಮುಂದೆ ಎಲ್ಲರ ಥರಾನೇ ಬೆಳೆಯತ್ತೆ ಅಂತ ಅವರು ಹೇಳಿರಲಿಲ್ಲ, ನಾವೇ ಹಾಗೆ ಅಂದ್ಕೊಂಡ್ವಿ.

ಈಗ ಪವರ್. ಮಾಮೂಲಿ ಮಕ್ಕಳಿಗೆ ಮೈನಸ್ ಬರೋದು ಕಣ್ಣುಗುಡ್ಡೆ ಹಿಂದಕ್ಕೆ ಉದ್ದ ಬೆಳೆದು. ಒಂದು ಮಿಲಿಮೀಟರ್ ಜಾಸ್ತಿಯಾದ್ರೆ ಹೆಚ್ಚುಕಮ್ಮಿ ಎರಡೂವರೆ ಮೂರು ಪವರ್ ಏರತ್ತೆ. ಇವನ ಕಣ್ಣಿನ ಉದ್ದ 22.6 ಮಿಲಿಮೀಟರ್, ದೊಡ್ಡವರ ಕಣ್ಣು ಸಾಮಾನ್ಯವಾಗಿ ಇಪ್ಪತ್ಮೂರೂವರೆ ಹತ್ರ ಇರತ್ತೆ. ಅಂದ್ರೆ ಉದ್ದದ ತಪ್ಪಲ್ಲ, ಮುಂಭಾಗದ್ದು. ಹುಟ್ಟೋ ಮುಂಚೆ ಕಾರ್ನಿಯಾ, ಅಂದ್ರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ತುಂಬಾ ಉಬ್ಬಿರತ್ತೆ, ಕೊನೇ ವಾರಗಳಲ್ಲಿ ಮತ್ತೆ ಹುಟ್ಟಿದ ಮೇಲೆ ಚಪ್ಪಟೆಯಾಗ್ತಾ ಬರತ್ತೆ. ಬೇಗ ಹುಟ್ಟಿದ ಎಷ್ಟೋ ಮಕ್ಕಳಲ್ಲಿ ಆ ಉಬ್ಬು ಪೂರ್ತಿ ಇಳಿಯಲ್ಲ, ಒಳಗಿನ ಲೆನ್ಸೂ ದಪ್ಪ ಉಳಿಯತ್ತೆ. ಬೆಳಕು ಬೇಗ ಬಗ್ಗಿ ರೆಟಿನಾಕ್ಕಿಂತ ಮುಂದೇನೇ ಸೇರತ್ತೆ, ಅಷ್ಟೇ. ಅದಕ್ಕೇ ಯಾರೋ ಹೇಳಿದ್ರು ಅಂತ ಮೈನಸ್ ಏರದ ಹಾಗೆ ತಡೆಯೋ ಡ್ರಾಪ್ಸ್ ಶುರು ಮಾಡ್ಬೇಡ. ಅದು ಕಣ್ಣು ಉದ್ದ ಆಗೋದನ್ನ ನಿಧಾನ ಮಾಡೋಕೆ ಇರೋದು. ಇವನಿಗೆ ಬೇಕಾ ಅಂತ ಡಾಕ್ಟರನ್ನೇ ಬಿಡಿಸಿ ಕೇಳು.

ನೀನು ಗಾಬರಿಯಾಗಿದ್ದ ಆ ಸ್ಕ್ಯಾನಿನ ಚಿತ್ರ, ರೆಟಿನಾ ಮಧ್ಯದ ಗುಂಡಿ ಆಳ ಇಲ್ಲ ಅನ್ನೋದು. ಆ ಜಾಗದಲ್ಲಿ ಮೇಲಿನ ಪದರಗಳು ಪಕ್ಕಕ್ಕೆ ಸರಿದು ಗುಂಡಿಯಾಗ್ಬೇಕು. ಬೇಗ ಹುಟ್ಟಿದ ಎಷ್ಟೋ ಜನರಲ್ಲಿ ಅವು ಪೂರ್ತಿ ಸರಿಯದೆ ಅಲ್ಲೇ ಉಳ್ಕೊಂಡಿರತ್ವೆ. ಹಾಗಿದ್ದೂ ಚೆನ್ನಾಗಿ ಓದೋರು ಬೇಕಾದಷ್ಟು ಜನ ಇದ್ದಾರೆ. ಆದ್ರೆ ಹುಟ್ಟಿದ ವಾರ ಗೊತ್ತಿಲ್ದಿರೋ ಹೊಸ ಡಾಕ್ಟರು ಅದನ್ನ ಬೇರೆ ಕಾಯಿಲೆ ಅಂತ ಹುಡುಕಾಡೋ ಸಾಧ್ಯತೆ ಇದೆ.

ಅಕ್ಕಾ, ನನಗೆ ಪವರಿಗಿಂತ ಯೋಚನೆ ಇರೋದು ಬೇರೆ. ಹೋದ ಸಲ ಎಲ್ಲ ಸೇರಿದ್ದಾಗ ಇವನು ಮೆಟ್ಟಿಲು ಇಳಿಯೋದನ್ನ ನೋಡ್ದೆ. ಪ್ರತಿ ಮೆಟ್ಟಿಲಿನ ಅಂಚನ್ನೂ ಕಾಲ್ಬೆರಳಲ್ಲಿ ತಡವಿ, ಆಮೇಲೆ ಭಾರ ಹಾಕ್ತಾನೆ. ತುಂಬಿದ ಕಪಾಟಲ್ಲಿ ಪುಸ್ತಕ ಸಿಗಲ್ಲ, ನೀನು 'ಕಣ್ಣೆದುರಿಗಿದ್ರೂ ಕಾಣಲ್ವಾ' ಅಂತ ಬೈತೀಯ. ಅವನಿಗೆ ನಿಜವಾಗ್ಲೂ ಕಾಣದೇ ಇರಬಹುದು. ಬೇಗ ಹುಟ್ಟಿದ ಮಕ್ಕಳ ಮೆದುಳಲ್ಲಿ, ದ್ರವ ತುಂಬಿರೋ ಕುಹರಗಳ ಪಕ್ಕದ ನರತಂತುಗಳಿಗೆ ಪೆಟ್ಟಾಗಿರತ್ತೆ ಕೆಲವು ಸಲ. ನೋಟದ ಕೆಳಭಾಗದ ಸುದ್ದಿ ತರೋ ತಂತುಗಳು ಕುಹರಕ್ಕೆ ಅಂಟಿಕೊಂಡ ಹಾಗೇ ಹೋಗತ್ವೆ. ಅದಕ್ಕೇ ಮೆಟ್ಟಿಲಲ್ಲಿ ತಡವರಿಕೆ, ಗಿಜಿಗಿಜಿ ಜಾಗದಲ್ಲಿ ಗೊಂದಲ. ಚಾರ್ಟಲ್ಲಿ 6/6 ಓದಿದ್ರೂ ಇದು ಇರಬಹುದು. 15 ವರ್ಷದಿಂದ ಕಣ್ಣು ಪರೀಕ್ಷೆ ಮಾಡ್ತಿರೋ ನಾನೇ ಇಷ್ಟು ದಿನ ಮನೆ ಹುಡುಗ ಅಂತ ಗಮನಿಸಿರಲಿಲ್ಲ, ನಾಚಿಕೆ ಆಯ್ತು. ಸುತ್ತ ಎಷ್ಟು ಜಾಗ ಕಾಣತ್ತೆ ಅಂತ ನೋಡೋ ಫೀಲ್ಡ್ ಟೆಸ್ಟ್ ಮಾಡಿಸು, ಮೆಟ್ಟಿಲಿನ ಕಥೇನೂ ಡಾಕ್ಟರಿಗೆ ಹೇಳು. ಅಲ್ಲೀವರೆಗೂ ಬೈಬೇಡ.

ವರ್ಷಕ್ಕೊಂದ್ಸಲ ಪಾಪೆ ಹಿಗ್ಗಿಸೋ ಡ್ರಾಪ್ಸ್ ಹಾಕಿ ರೆಟಿನಾ ಅಂಚು ನೋಡಿಸು. ಮಧ್ಯೆ ಯಾವತ್ತಾದ್ರೂ ಮಿಂಚು ಹೊಡೆದಂಗೆ, ಕಪ್ಪು ಚುಕ್ಕೆಗಳು ಏಕಾಏಕಿ ಜಾಸ್ತಿಯಾದಂಗೆ, ಪರದೆ ಬಿದ್ದಂಗೆ ಅಂದ್ರೆ ರೆಟಿನಾ ಕಿತ್ತು ಬರ್ತಿರಬಹುದು, ಅವತ್ತೇ ಹೊರಡ್ಬೇಕು, ನಾಳೆ ನೋಡೋಣ ಅನ್ನಬಾರ್ದು. ಅವನಿಗೂ ಇದನ್ನ ನೇರವಾಗಿ ಹೇಳು, ದೊಡ್ಡವನಾಗಿದ್ದಾನೆ.

ಎನ್‌ಐಸಿಯು, ಅಂದ್ರೆ ಹಸುಗೂಸುಗಳ ತೀವ್ರ ನಿಗಾ ಘಟಕದ, ಆ ಹಳೇ ಡಿಸ್ಚಾರ್ಜ್ ಪೇಪರು ಸಿಕ್ಕಿದ್ರೆ ಗ್ರೂಪಿಗೆ ಹಾಕ್ಬೇಡ, ನನಗೊಬ್ಬಳಿಗೆ ಕಳಿಸು. ಎಷ್ಟು ವಾರ, ಎಷ್ಟು ತೂಕ, ಆರ್‌ಒಪಿ ಯಾವ ಹಂತ, ಮೂರನ್ನೂ ಒಂದು ಚೀಟೀಲಿ ಬರೆದುಕೊಡ್ತೀನಿ, ಅವನ ಕನ್ನಡಕದ ಡಬ್ಬೀಲೇ ಇಟ್ಕೊಳ್ಳಲಿ.