ಸೋಲಾರ್ ಜೊತೆಗೆ ಬ್ಯಾಟರಿಯೂ ಬೇಕೇ? ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದವರ ಅನುಭವ

ಪ್ರಶ್ನೆ (ಕ್ಯಾತ್ಸಂದ್ರ, ತುಮಕೂರು): ನಮ್ಮ ಮನೆಯ ತಾರಸಿಯ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಬೇಕೆಂದಿದ್ದೇವೆ. ತಿಂಗಳಿಗೆ ಸುಮಾರು 260 ಯೂನಿಟ್ ಬಳಸುತ್ತೇವೆ. ಹಾಕಿಕೊಡುವವರು ಹೈಬ್ರಿಡ್ ಇನ್ವರ್ಟರ್ (ಪ್ಯಾನೆಲ್, ಲೈನ್, ಬ್ಯಾಟರಿ ಮೂರನ್ನೂ ನಿಭಾಯಿಸುವಂಥದು) ಜೊತೆಗೆ 5 ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿಯನ್ನೂ ಸೇರಿಸಿಕೊಳ್ಳಿ ಎನ್ನುತ್ತಿದ್ದು, ಅದಕ್ಕೆ ಹೆಚ್ಚುವರಿಯಾಗಿ ಒಂದೂವರೆ ಲಕ್ಷ ರೂಪಾಯಿ ಹೇಳಿದ್ದಾರೆ. ವಾರದಲ್ಲಿ ಎರಡು ಮೂರು ಸಂಜೆ ಕರೆಂಟ್ ಹೋಗುತ್ತದೆ. 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್ ಬ್ಯಾಟರಿಯ, ಅಂದರೆ ನೀರು ಹಾಕುವ ಲೆಡ್-ಆಸಿಡ್ ಬ್ಯಾಟರಿಯ ಯುಪಿಎಸ್ ಈಗಾಗಲೇ ಇದೆ. ಬಳಸಿ ಬಲ್ಲವರು ದಯವಿಟ್ಟು ತಿಳಿಸಿ.

ತುಮಕೂರು ನಗರದಿಂದ: ಬಿಲ್ ಇಳಿಯುತ್ತದೆಯೇ ಎಂಬ ಪ್ರಶ್ನೆಯನ್ನೂ ಕರೆಂಟ್ ಹೋದಾಗ ಮನೆ ನಡೆಯುತ್ತದೆಯೇ ಎಂಬ ಪ್ರಶ್ನೆಯನ್ನೂ ಮೊದಲು ಬೇರೆ ಬೇರೆ ಮಾಡಿಕೊಳ್ಳಿ. ಮಾರುವವರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದ ಗೊಂದಲವಾಗುತ್ತದೆ.

ಬಿಲ್ ವಿಷಯದಲ್ಲಿ ಬ್ಯಾಟರಿಯಿಂದ ನಿಮಗೆ ಏನೂ ಉಳಿಯದು. ನೆಟ್ ಮೀಟರಿಂಗ್ ಇದ್ದರೆ ಹಗಲು ಮಿಕ್ಕ ವಿದ್ಯುತ್ತು ಬೆಸ್ಕಾಂ ಲೈನಿಗೆ ಹೋಗಿ, ರಾತ್ರಿ ನೀವು ಪಡೆದ ಯೂನಿಟ್‌ಗಳಿಂದ ತಿಂಗಳ ಲೆಕ್ಕದಲ್ಲಿ ವಜಾ ಆಗುತ್ತದೆ. ಕಿಲೋವ್ಯಾಟ್‌ಗೆ ದಿನಕ್ಕೆ ಸರಾಸರಿ 4 ಯೂನಿಟ್ ಎಂದು ಹಿಡಿದರೂ ತಿಂಗಳಿಗೆ 360 ಯೂನಿಟ್ ಹುಟ್ಟುತ್ತದೆ, ನಿಮ್ಮ 260 ಅದರೊಳಗೇ ತೀರುತ್ತದೆ. ಅದೇ ವಿದ್ಯುತ್ತನ್ನು ಬ್ಯಾಟರಿಗೆ ತುಂಬಿಸಿ ಹೊರತೆಗೆದರೆ ಹತ್ತರಲ್ಲಿ ಒಂದು ಯೂನಿಟ್ ದಾರಿಯಲ್ಲೇ ಕರಗುತ್ತದೆ. ಹೈಬ್ರಿಡ್ ಇನ್ವರ್ಟರ್ ಸುಮ್ಮನೆ ಚಾಲೂ ಇರಲು 50 ವ್ಯಾಟ್ ಎಳೆದರೂ ದಿನಕ್ಕೆ 1.2 ಯೂನಿಟ್ ಅದರ ಪಾಲಾಗುತ್ತದೆ. ನೆಟ್ ಮೀಟರ್ ಇಲ್ಲವೆಂದೇ ಇಟ್ಟುಕೊಳ್ಳೋಣ. ಬ್ಯಾಟರಿ ದಿನವೂ ನಾಲ್ಕೂವರೆ ಯೂನಿಟ್ ಕೊಟ್ಟರೆ ವರ್ಷಕ್ಕೆ ಸುಮಾರು 1,640 ಯೂನಿಟ್ ಆಯಿತು; ಯೂನಿಟ್‌ಗೆ 6 ರೂಪಾಯಿಯಂತೆ ಉಳಿತಾಯ ಹತ್ತು ಸಾವಿರವನ್ನೂ ಮುಟ್ಟುವುದಿಲ್ಲ. ಹಾಕಿದ ಒಂದೂವರೆ ಲಕ್ಷ ಹಿಂದಕ್ಕೆ ಬರಲು ಹದಿನೈದು ವರ್ಷ ಬೇಕು, ಬ್ಯಾಟರಿಯ ವಾರಂಟಿ ಸಾಮಾನ್ಯವಾಗಿ ಅಷ್ಟು ದೂರ ಬರುವುದಿಲ್ಲ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ ಸಿಗುವ 78,000 ರೂಪಾಯಿ ಸಬ್ಸಿಡಿಯೂ ಪ್ಯಾನೆಲ್‌ನ ಸಾಮರ್ಥ್ಯದ ಮೇಲೆಯೇ ಹೊರತು ಬ್ಯಾಟರಿಗಲ್ಲ. (ಗೃಹಜ್ಯೋತಿಯಲ್ಲಿ ಈಗಾಗಲೇ ಸೊನ್ನೆ ಬಿಲ್ ಬರುವ ಅಕ್ಕಪಕ್ಕದ ಮನೆಯವರು ನಿಮ್ಮನ್ನು ನೋಡಿ ಹಾಕಿಸಹೊರಟರೆ, ಅವರಿಗೆ ಪ್ಯಾನೆಲ್‌ನಿಂದಲೂ ಉಳಿಯುವುದು ಏನೂ ಇಲ್ಲವೆಂದು ತಿಳಿಸಿಬಿಡಿ.)

ಇನ್ನು ಕರೆಂಟ್ ಹೋದಾಗಿನ ಮಾತು. ತಾರಸಿಯ ಮೇಲೆ ಪ್ಯಾನೆಲ್ ಇದ್ದರೆ ಹಗಲು ಕರೆಂಟ್ ಹೋದರೂ ಮನೆ ನಡೆಯುತ್ತದೆಂದು ಬಹಳ ಜನ ನಂಬಿದ್ದಾರೆ. ಆದರೆ ಬ್ಯಾಟರಿಯಿಲ್ಲದೆ ಲೈನಿಗೇ ಜೋಡಿಸುವ ಆನ್-ಗ್ರಿಡ್ ಇನ್ವರ್ಟರ್, ಲೈನ್ ಸತ್ತ ಕೂಡಲೇ ತಾನೂ ನಿಲ್ಲುತ್ತದೆ. ಹಾಗೆ ನಿಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮನೆಯಿಂದಲೇ ವಿದ್ಯುತ್ತು ಹರಿದೀತು. ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇರುವ ಜಿಲ್ಲೆಯಲ್ಲಿ ಸಂಜೆ ಕತ್ತಲೆಯೇ ಎಂದು ಕೆಲವರು ಆಡಿಕೊಳ್ಳುವುದುಂಟು, ಆದರೆ ನಮ್ಮ ಬೀದಿಯಲ್ಲಿ ಕೆಡುವುದು ಟ್ರಾನ್ಸ್‌ಫಾರ್ಮರ್ ಮತ್ತು ಕೊಂಬೆ ತಾಗಿದ ತಂತಿ. ಅದಕ್ಕೆ ಪಾರ್ಕ್ ಏನು ಮಾಡೀತು?

ಆದ್ದರಿಂದ ಆ ಹೊತ್ತಿನಲ್ಲಿ ನಿಮಗೆ ಎಷ್ಟು ಬೇಕೆಂದು ಲೆಕ್ಕ ಹಾಕಿ. ಮೂರು ಹಳೆಯ ಫ್ಯಾನ್ 225 ವ್ಯಾಟ್, ಆರು ಎಲ್‌ಇಡಿ ಬಲ್ಬ್ 54, ವೈಫೈ ರೂಟರ್ 10, ಟಿವಿ 80. ನಾಲ್ಕು ಗಂಟೆಗೆ ಸುಮಾರು ಒಂದೂವರೆ ಯೂನಿಟ್. ನಿಮ್ಮ ಟ್ಯೂಬುಲರ್ ಬ್ಯಾಟರಿಯಲ್ಲಿರುವುದು 1.8 ಯೂನಿಟ್ (12 ವೋಲ್ಟ್ × 150 ಎಎಚ್); ಬಾಳಿಕೆ ಕೆಡದಂತೆ ಅದರಲ್ಲಿ ಅರ್ಧ ಮಾತ್ರ ಬಳಸುವುದು ಒಳ್ಳೆಯದು, ಎಂದರೆ 0.9. ಮೂರು ಫ್ಯಾನ್‌ಗಳನ್ನು 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್‌ಗೆ ಬದಲಿಸಿದರೆ ಬೇಡಿಕೆಯೂ 0.94ಕ್ಕೆ ಇಳಿದು, ಈಗಿರುವ ಬ್ಯಾಟರಿಯಲ್ಲೇ ಹೆಚ್ಚುಕಡಿಮೆ ಸರಿಹೋಗುತ್ತದೆ. ಖರ್ಚು ಕೆಲವೇ ಸಾವಿರ.

ಗುಬ್ಬಿ ತಾಲ್ಲೂಕಿನ ತೋಟದ ಮನೆಯಿಂದ: ಮೇಲಿನವರ ಲೆಕ್ಕ ನಗರಕ್ಕೆ ಸರಿ, ನಮಗೆ ಹೊಂದುವುದಿಲ್ಲ. ಊರೊಳಗಿನ ಮನೆಗಳಿಗೆ ದಿನವಿಡೀ ಕರೆಂಟ್ ಕೊಡುವ ನಿರಂತರ ಜ್ಯೋತಿಯ ಲೈನ್ ಇದೆ. ನಮ್ಮದು ಪಂಪ್‌ಸೆಟ್ ಫೀಡರ್, ದಿನಕ್ಕೆ ಏಳು ಗಂಟೆ ತ್ರೀಫೇಸ್ ಕೊಟ್ಟ ಮೇಲೆ ಉಳಿದ ಹೊತ್ತು ಸಿಂಗಲ್ ಫೇಸ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಹಗಲು ಲೈನೇ ಇಲ್ಲದ ಕಡೆ ಆನ್-ಗ್ರಿಡ್ ಹಾಕಿಸಿದರೆ ಪ್ಯಾನೆಲ್ ಬಿಸಿಲು ಕಾಯುತ್ತಾ ಸುಮ್ಮನೆ ಮಲಗಿರುತ್ತದೆ. ಇಂಥಲ್ಲಿ ಬ್ಯಾಟರಿ ಬೇಕೇ ಎಂಬ ಪ್ರಶ್ನೆಯೇ ಏಳುವುದಿಲ್ಲ, ಯಾವ ಬ್ಯಾಟರಿ ಎಂಬುದಷ್ಟೇ ಉಳಿಯುತ್ತದೆ.

ನಾವು ಮೊದಲು ಟ್ಯೂಬುಲರ್ ಬಳಸುತ್ತಿದ್ದೆವು. ಶೀಟ್ ಹೊದಿಸಿದ ಕೋಣೆಯಲ್ಲಿ ಏಪ್ರಿಲ್ ತಿಂಗಳ ಸೆಕೆಗೆ ಡಿಸ್ಟಿಲ್ಡ್ ವಾಟರ್ ಬೇಗ ಬೇಗ ಇಳಿಯುತ್ತಿತ್ತು. 25 ಡಿಗ್ರಿಯ ಮೇಲೆ ಪ್ರತಿ ಹತ್ತು ಡಿಗ್ರಿಗೆ ಲೆಡ್-ಆಸಿಡ್ ಬ್ಯಾಟರಿಯ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬ ಮಾತನ್ನು ನಾವು ಕಣ್ಣಾರೆ ಕಂಡಿದ್ದೇವೆ. ದಿನವೂ ತುಂಬಿ ಬರಿದಾಗುವ ಕೆಲಸಕ್ಕೆ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಎಂಬ ಬಗೆಯ ಲಿಥಿಯಂ ಲೇಸು. 48 ವೋಲ್ಟ್, 100 ಎಎಚ್‌ನ ಬ್ಯಾಟರಿಯಲ್ಲಿ ಫ್ರಿಜ್, ಫ್ಯಾನ್, ದೀಪ, ಮಿಕ್ಸಿ ನಡೆಯುತ್ತವೆ. ಪಂಪನ್ನು ಮಾತ್ರ ಅದಕ್ಕೆ ಸೇರಿಸಬೇಡಿ. ಒಂದು ಎಚ್‌ಪಿ ಮೋಟರ್ ಓಡುವಾಗ 746 ವ್ಯಾಟ್ ಎಂದು ಕಂಡರೂ ಹೊರಡುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆದು ಇನ್ವರ್ಟರನ್ನು ಮುಗ್ಗರಿಸುತ್ತದೆ. ಇನ್ನೊಂದು: ಹಳೆಯ ಬ್ಯಾಟರಿ ಸಾಯುವ ಮುನ್ನ ಸೂಚನೆ ಕೊಡುತ್ತಿತ್ತು, ಲಿಥಿಯಂ ಒಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ಬೋರ್ಡ್) ಏಕಾಏಕಿ ಕತ್ತರಿಸಿಬಿಡುತ್ತದೆ. ಹೀಗೊಮ್ಮೆ ಕೈಕೊಟ್ಟಾಗ ರಿಪೇರಿಯವರು ಬೆಂಗಳೂರಿನಿಂದ ಬರುವವರೆಗೆ ಸೀಮೆಎಣ್ಣೆ ದೀಪವೇ ಗತಿಯಾಯಿತು. ಸರ್ವಿಸ್ ಮಾಡುವವರು ಎಲ್ಲಿದ್ದಾರೆಂದು ಬೆಲೆಗಿಂತ ಮೊದಲು ಕೇಳಿ.

ಕೋಲಾರದಿಂದ: ನಮ್ಮ ತಂದೆಯವರಿಗೆ ಆಕ್ಸಿಜನ್ ಕಾನ್ಸೆಂಟ್ರೇಟರ್ ಇದೆ. ಅದು 300 ವ್ಯಾಟ್‌ಗಿಂತ ಹೆಚ್ಚು ಎಳೆಯುವುದರಿಂದ ನಾಲ್ಕು ಗಂಟೆಗೆ ಅದೊಂದಕ್ಕೇ 1.2 ಯೂನಿಟ್ ಮೀರುತ್ತದೆ. ಇಂಥ ಮನೆಯಲ್ಲಿ ಹಣ ಎಷ್ಟು ವರ್ಷಕ್ಕೆ ಮರಳುತ್ತದೆಂಬ ಲೆಕ್ಕ ಹಾಕುವುದರಲ್ಲಿ ಅರ್ಥವಿಲ್ಲ. ನಾವು ಲಿಥಿಯಂ ಹಾಕಿಸಿದೆವು, ಸಿಲಿಂಡರನ್ನೂ ಬಿಟ್ಟಿಲ್ಲ.

ಚಿಕ್ಕಬಳ್ಳಾಪುರದಿಂದ: ಕ್ಯಾತ್ಸಂದ್ರದವರು ಈಗ ಆನ್-ಗ್ರಿಡ್ ಹಾಕಿಸಿಕೊಂಡು ಹಳೆಯ ಯುಪಿಎಸ್ ಮುಂದುವರಿಸುವುದೇ ಸರಿಯೆಂದು ನನಗೂ ಅನ್ನಿಸುತ್ತದೆ. ಹತ್ತು ವರ್ಷಗಳಲ್ಲಿ ಲಿಥಿಯಂ ಬೆಲೆ ಬಹಳ ಇಳಿದಿರುವುದರಿಂದ ಟ್ಯೂಬುಲರ್ ಸಾಯುವವರೆಗೆ ಕಾಯಲು ನಷ್ಟವಿಲ್ಲ. ಬ್ಯಾಟರಿ ಮುಂದೆ ಸೇರಿಸಬಹುದೆಂದು ಹೈಬ್ರಿಡ್ ಇನ್ವರ್ಟರನ್ನು ಈಗಲೇ ಕೊಳ್ಳುವುದಾದರೆ, ಅದು ಯಾವ ಯಾವ ಕಂಪನಿಯ ಬ್ಯಾಟರಿಯೊಂದಿಗೆ ಕೆಲಸ ಮಾಡುತ್ತದೆಂಬುದನ್ನು ಬರೆಸಿಕೊಳ್ಳಿ, ಏಕೆಂದರೆ ಇನ್ವರ್ಟರ್ ಮತ್ತು ಬಿಎಂಎಸ್ ನಡುವೆ ಸಂವಹನ ಹೊಂದದಿದ್ದರೆ ಎರಡೂ ಒಳ್ಳೆಯವಾಗಿದ್ದರೂ ಜೊತೆಯಾಗಿ ನಡೆಯುವುದಿಲ್ಲ. ವಾರಂಟಿ ಪತ್ರದಲ್ಲಿ ವರ್ಷಗಳನ್ನಷ್ಟೇ ನೋಡದೆ, ಆ ಅವಧಿಯ ಕೊನೆಗೆ ಎಷ್ಟು ಶೇಕಡಾ ಸಾಮರ್ಥ್ಯ ಉಳಿಯುತ್ತದೆಂದು ಬರೆದಿದ್ದಾರೆ, ಎಷ್ಟು ಸೈಕಲ್‌ಗೆ (ತುಂಬಿ ಬರಿದಾಗುವ ಸುತ್ತಿಗೆ) ಮಿತಿ ಹಾಕಿದ್ದಾರೆ ಎಂಬುದನ್ನೂ ಓದಿ. ಫ್ಯಾನ್, ದೀಪಗಳ ವೈರಿಂಗ್ ಗೀಸರ್ ಮತ್ತು ಮೋಟರ್‌ನಿಂದ ಪ್ರತ್ಯೇಕವಾಗಿದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ತೋರಿಸಿ; ಅದಿಲ್ಲದೆ ಯಾವ ಬ್ಯಾಟರಿ ತಂದರೂ ಮೊದಲ ಸಂಜೆಯೇ ಟ್ರಿಪ್ ಆಗುತ್ತದೆ.